ಏಳು ಗಂಟೆಗೆ ಚೂರಾಗುವ ಚಿತ್ರ

ಟೀವಿ ನೋಡುತ್ತ ಮಾಡಬಹುದಾದ ಮನೆಗೆಲಸಗಳು ಮೂರೇ ಮೂರು ಎಂಬುದು ಮರಿತಾಯಮ್ಮನಿಗೆ ಅನುಭವದಿಂದ ಗೊತ್ತಾಗಿತ್ತು: ಬಟ್ಟೆ ಮಡಿಸುವುದು, ಬೆಳ್ಳುಳ್ಳಿ ಬಿಡಿಸುವುದು, ಮೊಮ್ಮಗಳ ತಲೆ ಬಾಚುವುದು. ಮೊಮ್ಮಗಳು ಲಾಸ್ಯಾ ಹನ್ನೊಂದು ತುಂಬಿದ ಮೇಲೆ ತಲೆ ಕೊಡುವುದನ್ನು ನಿಲ್ಲಿಸಿದಳು. ಉಳಿದ ಎರಡನ್ನು ಮರಿತಾಯಮ್ಮ ಜೋಪಾನ ಮಾಡಿಕೊಂಡರು. ಸ್ಯಾನ್ ರಮೋನಿನ ಆ ಮನೆಯಲ್ಲಿ ಡ್ರೈಯರಿನಿಂದ ತೆಗೆದ ಬಟ್ಟೆ ಎರಡೆರಡು ದಿನ ಬುಟ್ಟಿಯಲ್ಲೇ ಕೂತಿರುತ್ತಿತ್ತು.

“ಅಮ್ಮ, ನನ್ನ ಆಫೀಸಿನ ಶರ್ಟು ಇನ್ನೂ ಮಡಿಸಿಲ್ವಾ?” ಎಂದು ಮಗಳು ಕಾವ್ಯಾ ಕೇಳಿದರೆ, “ನಾಳೆ ಮಡಿಸ್ತೀನಿ ಕನವ್ವ. ನಾಳೆ ಮ್ಯಾಚದೆ” ಎನ್ನುತ್ತಿದ್ದರು.

ಮ್ಯಾಚು ಎಂದರೆ ಬೇ ಏರಿಯಾದ ಹೆಂಗಸರ ಬ್ಯಾಸ್ಕೆಟ್‌ಬಾಲ್ ತಂಡದ ಆಟ. ಮಳವಳ್ಳಿ ಕಡೆಯ, ಅರವತ್ತನಾಲ್ಕು ವರ್ಷದ ಈ ಹೆಂಗಸಿಗೆ ಆ ಹುಚ್ಚು ಹೇಗೆ ಹತ್ತಿತೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು. ಲಾಸ್ಯಾ ಶಾಲೆಯ ತಂಡಕ್ಕೆ ಸೇರಿದ ವರ್ಷ ಅವಳನ್ನು ಕರೆತರಲು ಹೋಗಿ, ಜಿಮ್ಮಿನ ಮರದ ಮೆಟ್ಟಿಲ ಮೇಲೆ ತಿಂಡಿಯ ಡಬ್ಬಿ ಹಿಡಿದು ಕಾಯುತ್ತ ಕಾಯುತ್ತ ಆಟದ ನಿಯಮಗಳು ಒಂದೊಂದಾಗಿ ತಿಳಿದವು. ಆಮೇಲೆ ಒಂದು ಸಂಜೆ ಟೀವಿಯಲ್ಲಿ ಆರಡಿ ಎತ್ತರದ ಹೆಂಗಸರು ಬೆವರು ಸುರಿಸಿಕೊಂಡು ಓಡುತ್ತಿರುವುದು ಕಂಡಿತು. ಸುತ್ತ ಸಾವಿರಾರು ಜನ ಎದ್ದುನಿಂತು ಕೂಗುತ್ತಿದ್ದರು.

“ಹೆಂಗಸ್ರು ಓಡೋದ ನೋಡಕ್ಕೆ ಇಷ್ಟು ಜನ ಟಿಕೀಟು ತಕ್ಕಂಡು ಬತ್ತಾರಾ?” ಎಂದು ಲಾಸ್ಯಾಳನ್ನು ಕೇಳಿದರು.

“ಯೆಸ್ ಅಜ್ಜಿ. ಟಿಕೆಟ್ಸೇ ಸಿಗಲ್ಲ,” ಎಂದಳು ಅವಳು.

ಮರಿತಾಯಮ್ಮನೂ ಓಡಿದವರೇ. ಏಳನೇ ಕ್ಲಾಸಿನವರೆಗೆ ಖೋ ಖೋ ಆಡಿದ್ದರು. ತಾಲ್ಲೂಕು ಮಟ್ಟದಲ್ಲಿ ಗೆದ್ದು ಒಂದು ಸ್ಟೀಲ್ ಲೋಟ ತಂದಿದ್ದರು. ಆ ಲೋಟದಲ್ಲಿ ಅವರಣ್ಣ ಕಾಫಿ ಕುಡಿಯತೊಡಗಿದ. ಅಣ್ಣನ ಲೋಟ ಎಂದೇ ಅದಕ್ಕೆ ಹೆಸರಾಯಿತು. ಹೈಸ್ಕೂಲು ದೂರವೆಂದು ಓದು ನಿಂತಿತು. ಹತ್ತೊಂಬತ್ತಕ್ಕೆ ಜಯರಾಮರ ಜೊತೆ ಮದುವೆಯಾಯಿತು. ಜಯರಾಮ್ ವಿದ್ಯುತ್ ಮಂಡಳಿಯಲ್ಲಿ ಮೀಟರ್ ಓದುವ ಕೆಲಸದವರು. ಮಂಡ್ಯದ ಬಾಡಿಗೆ ಮನೆ, ಮೂರು ದಿನಕ್ಕೊಮ್ಮೆ ಬರುವ ನೀರು, ಅತ್ತೆಯ ಮಂಡಿನೋವು, ಒಬ್ಬಳೇ ಮಗಳ ಓದು. ಮಗಳು ಇಲ್ಲಿ ಹೆತ್ತಾಗ ಬಾಣಂತನಕ್ಕೆ ಬಂದರು, ಹೋದರು, ಬಂದರು, ಆರು ವರ್ಷದ ಹಿಂದೆ ಗಂಡನ ಜೊತೆ ಇಲ್ಲೇ ಉಳಿದರು. ಜಯರಾಮರು ನಿವೃತ್ತರಾಗಿ ಬಂದವರು. ಮರಿತಾಯಮ್ಮನಿಗೆ ಆ ಭಾಗ್ಯ ಮಂಡ್ಯದಲ್ಲೂ ಇರಲಿಲ್ಲ, ಇಲ್ಲೂ ಸಿಗಲಿಲ್ಲ.

ಮಗಳು ಅಳಿಯ ಕೆಟ್ಟವರೇನಲ್ಲ. ಕಾವ್ಯಾಳಿಗೆ ಊರೊಳಗಿನ ಆಫೀಸ್ ಪಾರ್ಕಿನಲ್ಲಿ ಕೆಲಸ. ಅಳಿಯ ಹರ್ಷ ವಾರಕ್ಕೆ ಮೂರು ದಿನ ಫ್ರೀವೇ ಹಿಡಿದು ಮೆನ್ಲೋ ಪಾರ್ಕಿಗೆ ಹೋಗಿ, ಮುಖ ಸೊಪ್ಪಾಗಿಸಿಕೊಂಡು ಬರುತ್ತಿದ್ದ. ದಣಿದು ಬಂದವರಿಗೆ ಬಿಸಿ ಊಟ ಹಾಕಬೇಕೆಂದು ಯಾರೂ ಮರಿತಾಯಮ್ಮನಿಗೆ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆರೂವರೆಗೆ ಒಲೆ ಹಚ್ಚಿದರೆ ಎಂಟಕ್ಕೆ ಊಟ. ಆಟ ಶುರುವಾಗುವುದು ಏಳಕ್ಕೆ. ತಂಡ ಬೇರೆ ಊರಿಗೆ ಹೋಗಿ ಆಡಿದರೆ ಅದು ಇಲ್ಲಿನ ನಾಲ್ಕು ಗಂಟೆಗೆ. ಆಗ ಲಾಸ್ಯಾಳನ್ನು ಆಟದ ತರಬೇತಿಯಿಂದ ಕರೆತರುವ ಹೊತ್ತು. ಹೀಗಾಗಿ ಇಡೀ ಬೇಸಿಗೆಯಲ್ಲಿ ಮರಿತಾಯಮ್ಮ ಒಂದು ಆಟವನ್ನೂ ಮೊದಲಿನಿಂದ ಕೊನೆಯವರೆಗೆ ನೋಡಿರಲಿಲ್ಲ. ಅವರಿಗೆ ಬೇಕಿದ್ದದ್ದು ಅಷ್ಟೇ. ಒಂದು ಪೂರ್ತಿ ಆಟ, ಕೂತುಕೊಂಡು.

ಇದರ ಮಧ್ಯೆ ಹರ್ಷ ಮೇ ತಿಂಗಳಲ್ಲಿ ಕೇಬಲ್ಲು ತೆಗೆಸಿದ.

“ಅತ್ತೆ, ನಿಮ್ಮ ಮ್ಯಾಚು ಬರೋ ಚಾನೆಲ್ಲು ಗಾಳೀಲೇ ಫ್ರೀ ಬರುತ್ತೆ. ಒಂದು ಆಂಟೆನಾ ಇದ್ರೆ ಸಾಕು,” ಎಂದ. ಕಾಗದದಷ್ಟು ತೆಳ್ಳಗಿನ ಒಂದು ಹಾಳೆಯನ್ನು ಹಾಲಿನ ಕಿಟಕಿಗೆ ಅಂಟಿಸಿದ. ಅದರಲ್ಲಿ ನಲವತ್ತು ಚಾನೆಲ್ಲು ಬಂದವು: ಅಡುಗೆ, ಪ್ರಾರ್ಥನೆ, ಚೀನೀ ಸುದ್ದಿ, ಹಳೆಯ ಕುದುರೆ ಸವಾರಿ ಸಿನಿಮಾ. ಮರಿತಾಯಮ್ಮನ ಚಾನೆಲ್ಲು ಮಾತ್ರ ಬರಲಿಲ್ಲ.

ಸ್ಯಾನ್ ರಮೋನ್ ಇರುವುದು ಕಣಿವೆಯಲ್ಲಿ. ಟೀವಿಯ ದೊಡ್ಡ ಟವರು ಸ್ಯಾನ್ ಫ್ರಾನ್ಸಿಸ್ಕೋದ ಗುಡ್ಡದ ಮೇಲೆ. ನಡುವೆ ಒಂದು ಬೆಟ್ಟಸಾಲು ಅಡ್ಡ ಮಲಗಿದೆ. ಅದೂ ಅಲ್ಲದೆ ಆ ಚಾನೆಲ್ಲಿನ ಅಲೆ ಉದ್ದದ್ದು, ಅದನ್ನು ಹಿಡಿಯಲು ಉದ್ದ ಕಡ್ಡಿಯ ಆಂಟೆನಾವೇ ಬೇಕು ಎಂದು ಹರ್ಷ ಎರಡು ರಾತ್ರಿ ಓದಿ ಕಂಡುಕೊಂಡ. ಮೀನಿನ ಮುಳ್ಳಿನಂತೆ ಕಡ್ಡಿ ಚಾಚಿದ ಒಂದನ್ನು ತರಿಸಿದ. ಸೂರಿನ ಮೇಲೆ ಕಟ್ಟಿದರೆ ಬಡಾವಣೆಯ ಸಂಘದವರು ತೆಗೆಯಿರೆಂದು ಕಾಗದ ಕಳಿಸುತ್ತಾರೆಂದು ಅವನಿಗೆ ಭಯ. “ಕಳಿಸೋ ಹಾಗಿಲ್ಲ, ಕಾನೂನಿದೆ,” ಎಂದು ಕಾವ್ಯಾ ಹೇಳಿದರೂ ಅವನಿಗೆ ಧೈರ್ಯ ಬರಲಿಲ್ಲ. ಕೊನೆಗೆ ಮಹಡಿಯ ಮೇಲೆ ಅತ್ತೆ ಮಾವ ಮಲಗುವ ಕೋಣೆಯ ಪಡುವಣ ಕಿಟಕಿ ಗೊತ್ತಾಯಿತು. ಸಿಗ್ನಲ್ಲಿನ ಮಟ್ಟ ನೋಡಲು ಹರ್ಷ ಕೆಳಗೆ ಕೂರಬೇಕು. ಅವನ ಪಕ್ಕದಲ್ಲಿ ಜಯರಾಮರು, ಸಲಹೆಗಾಗಿ. ಮೇಲೆ ಆಂಟೆನಾ ಹಿಡಿದು ನಿಂತವರು ಮರಿತಾಯಮ್ಮ.

ಆ ಕೆಲಸ ಅವರಿಗೆ ಹೊಸದಲ್ಲ. ಮಂಡ್ಯದಲ್ಲಿ ಮೊದಲ ಟೀವಿ ಬಂದ ಕಾಲದಲ್ಲಿ ತಾರಸಿಗೆ ಹತ್ತುತ್ತಿದ್ದದ್ದು ಅವರೇ. ಕಬ್ಬಿಣದ ಪೈಪು ಹಿಡಿದು ತಿರುಗಿಸುತ್ತ “ಬಂತಾ?” ಎಂದು ಕೂಗುವುದು; ಕೆಳಗಿನಿಂದ “ಬಂತು, ಬಂತು... ಹೋಯ್ತು, ವಾಪಸ್ ತಿರುಗ್ಸು” ಎಂದು ಗಂಡ, ಮೈದುನರು ಕೂಗುವುದು. ಬಲವಿಲ್ಲದ ದಿನ ಕಡ್ಡಿಗೆ ಅಲ್ಯೂಮಿನಿಯಂ ಇಡ್ಲಿ ತಟ್ಟೆ ಕಟ್ಟುತ್ತಿದ್ದರು. ಆ ವರ್ಷಗಳಲ್ಲಿ ಎಷ್ಟೋ ಕ್ರಿಕೆಟ್ ಆಟಗಳನ್ನು ಮರಿತಾಯಮ್ಮ ಕೆಳಗಿನವರ ಕೂಗಿನಲ್ಲೇ ತಿಳಿದುಕೊಂಡಿದ್ದರು.

ಆ ಹಳೆಯ ಕೈಚಳಕವೇ ಈಗ ಕೈಕೊಟ್ಟಿತು. ಆಗ ಚಿತ್ರ ಮಂಜುಮಂಜಾಗಿ ಶುರುವಾಗಿ ತಿರುಗಿಸಿದಂತೆಲ್ಲ ತಿಳಿಯಾಗುತ್ತಿತ್ತು. ಹಾಗಾಗಿ ಕೈ ನಿಲ್ಲಿಸದೆ ನಿಧಾನ ತಿರುಗಿಸುತ್ತಲೇ ಇರುವುದು ಅಭ್ಯಾಸ. ಇಲ್ಲಿ ಹಾಗಿಲ್ಲ, ಬಂದರೆ ಕನ್ನಡಿಯಂತೆ ಬರುತ್ತದೆ, ಇಲ್ಲವಾದರೆ ಏನೂ ಇಲ್ಲ. ಬರುವುದೂ ಕೈ ನಿಂತ ಐದಾರು ಸೆಕೆಂಡಿನ ಮೇಲೆ. ಅವರು ಸರಿಯಾದ ಜಾಗವನ್ನು ಹತ್ತು ಸಲ ದಾಟಿಹೋದರು.

“ಅತ್ತೆ, ಈಗ ಬಂದಿತ್ತು!”

“ಬಂದಿದ್ರೆ ಆಗ್ಲೇ ಯೋಳ್ಬಾರ್ದೇನಪ್ಪ?”

“ನನಗೂ ಲೇಟಾಗೇ ಗೊತ್ತಾಗೋದು ಅತ್ತೆ.”

“ಅಂಗಾರೆ ಇನ್ಮ್ಯಾಲೆ ಒಂದ್ ಬೆರಳು ತಿರುಗಿಸ್ತೀನಿ, ಹತ್ತು ಎಣಿಸ್ತೀನಿ. ನೀವು ಸುಮ್ಕೆ ನೋಡ್ಕಂಡಿರಿ.”

ಒಂದು ಬೆರಳು, ಹತ್ತು ಎಣಿಕೆ. ಮುಕ್ಕಾಲು ಗಂಟೆಯಲ್ಲಿ ಅವರು ಬೆಟ್ಟಸಾಲು ತಗ್ಗಿದ ಒಂದು ಸಂದನ್ನು ಹುಡುಕಿದರು. ಕಿಟಕಿಯ ಅಂಚಿಗಿಂತ ಕಿಟಕಿಯಿಂದ ಒಂದು ಮೊಳ ಒಳಗೆ ಹಿಡಿದರೆ ಇನ್ನೂ ಚೆನ್ನಾಗಿ ಬರುತ್ತದೆಂಬುದನ್ನೂ ಅವರೇ ಕಂಡುಕೊಂಡರು. ಹಳೆಯ ಸೀರೆಯ ಅಂಚನ್ನು ಸೀಳಿ ಆಂಟೆನಾವನ್ನು ಅಷ್ಟೇ ಒಳಗೆ ಚಾಚಿರುವಂತೆ ಕಿಟಕಿಯ ಪರದೆಯ ಕಂಬಿಗೆ ಬಿಗಿದು ಇಳಿದು ಬಂದಾಗ ಟೀವಿಯಲ್ಲಿ ಆಟಗಾರ್ತಿಯ ಹಣೆಯ ಬೆವರಹನಿ ಕಾಣುತ್ತಿತ್ತು.

“ನಿಮ್ಮತ್ತೆ ಕೈಗುಣ,” ಎಂದರು ಜಯರಾಮರು, ತಮ್ಮದೇ ಕೈ ಎಂಬಂತೆ.

ಆದರೆ ಅದು ಬೆಳಿಗ್ಗೆ ಹನ್ನೊಂದರ ಮಾತು. ಸಂಜೆ ಏಳಕ್ಕೆ ಆಟ ಶುರುವಾದಾಗ ಚಿತ್ರ ಚೂರುಚೂರಾಯಿತು. ಓಡುತ್ತಿದ್ದ ಹುಡುಗಿ ಚೌಕಚೌಕವಾಗಿ ಒಡೆದು ಗಾಳಿಯಲ್ಲಿ ನಿಂತಳು. ಒಂದಷ್ಟು ಹೊತ್ತು ಸರಿಯಾಗುವುದು, ಮತ್ತೆ ಒಡೆಯುವುದು. ಅಡುಗೆಮನೆಯಲ್ಲಿದ್ದ ಮರಿತಾಯಮ್ಮನಿಗೆ ಹಾಲಿನಿಂದ “ಹೋಯ್ತು” ಎಂಬ ಕೂಗು ಕೇಳುತ್ತಿತ್ತು. ಸೌಟು ಕೆಳಗಿಟ್ಟು ಬಂದು ನೋಡಿದರೆ ಸರಿಯಾಗಿರುತ್ತಿತ್ತು. ವಾಪಸು ಹೋದರೆ ಮತ್ತೆ “ಹೋಯ್ತು.” ತಾನು ಅಡುಗೆಮನೆಗೆ ಹೋದಾಗಲೇ ಚಿತ್ರವೂ ಹೋಗುವುದು ತನ್ನ ಹಣೆಬರಹ ಎಂದುಕೊಂಡರು.

ಹರ್ಷ ಬಿಡಲಿಲ್ಲ. ಸಿಗ್ನಲ್ಲನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್ ಹಾಕಿದ, ಇನ್ನಷ್ಟು ಕೆಟ್ಟಿತು. ತಂತಿ ಬದಲಾಯಿಸಿದ. ನಿಮಿಷ ನಿಮಿಷದ ಸಿಗ್ನಲ್ಲನ್ನು ಬರೆದಿಡುವ ಒಂದು ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸಿದ. ಸಂಜೆ ಸಮುದ್ರದ ಕಡೆಯಿಂದ ಬೆಟ್ಟ ದಾಟಿ ಬರುವ ಮಂಜು ಕಾರಣ ಎಂದು ಒಂದು ತಿಂಗಳು ನಂಬಿದ. ವಿದ್ಯುತ್ ಮಂಡಳಿಯಲ್ಲಿ ಮೂವತ್ತು ವರ್ಷ ಕಳೆದ ಜಯರಾಮರು ಅರ್ತಿಂಗ್ ಸರಿಯಿಲ್ಲ ಎಂದರು. ಫೋನಿನಲ್ಲಿ ನೋಡು ಎಂದಳು ಕಾವ್ಯಾ. ಅಷ್ಟು ಸಣ್ಣ ಪರದೆಯಲ್ಲಿ ಮರಿತಾಯಮ್ಮನ ಕಣ್ಣಿಗೆ ಚೆಂಡು ಮೆಣಸಿನಕಾಳಾಗಿ ಎಲ್ಲೋ ಕಳೆದುಹೋಗುತ್ತಿತ್ತು.

ಸೆಪ್ಟೆಂಬರಿನಲ್ಲಿ ತಂಡ ನಾಕೌಟಿಗೆ ಬಂತು. ಭಾನುವಾರ ಸಂಜೆ ಏಳಕ್ಕೆ ಆಟ. ಸೋತರೆ ಈ ವರ್ಷಕ್ಕೆ ಮುಗಿಯಿತು. ಹಿಂದಿನ ದಿನ, ಶನಿವಾರ, ಊಟದ ಮೇಜಿನ ಮೇಲೆ ಹರ್ಷ ಲ್ಯಾಪ್‌ಟಾಪ್ ಬಿಚ್ಚಿ ನಾಲ್ಕು ತಿಂಗಳ ದಾಖಲೆಯನ್ನು ಮಾವನಿಗೆ ತೋರಿಸುತ್ತಿದ್ದ. ಮರಿತಾಯಮ್ಮ ಮೇಜು ಒರೆಸುತ್ತಿದ್ದರು.

“ನೋಡಿ ಮಾವ, ಕೆಂಪು ಚುಕ್ಕೆ ಇರೋ ಕಡೆಯೆಲ್ಲ ಸಿಗ್ನಲ್ಲು ಹೋಗಿದೆ. ವಾರದ ದಿನ ಬೆಳಿಗ್ಗೆ ಆರೂಮುಕ್ಕಾಲು. ಸಂಜೆ ಆರೂವರೆಯಿಂದ ಏಳೂವರೆ. ಭಾನುವಾರ ಹನ್ನೊಂದರಿಂದ ಒಂದು. ಏನೋ ಪ್ಯಾಟರ್ನ್ ಇದೆ.”

“ಸಂಜೆ ಮಂಜು ಬತ್ತದಲ್ಲ,” ಎಂದರು ಜಯರಾಮರು.

“ಭಾನುವಾರ ಮಧ್ಯಾಹ್ನ ಮಂಜೆಲ್ಲಿ ಮಾವ?”

“ಭಾನುವಾರ ಎಲ್ಲ ಮನೇಲಿರ್ತಾರೆ. ವೈಫೈ ಜಾಸ್ತಿ.”

“ಹಾಗಾದ್ರೆ ಶುಕ್ರವಾರ? ಶುಕ್ರವಾರ ಸಂಜೆ ಒಂದೂ ಚುಕ್ಕೆ ಇಲ್ಲ. ಜುಲೈ ಮೂರನೇ ವಾರ ನೋಡಿ, ಐದು ದಿನ ಕ್ಲೀನು. ಆ ವಾರ ಗಾಳಿ ಸಖತ್ತಾಗಿತ್ತು.”

ಅಡಿ ಒರೆಸಲೆಂದು ಲ್ಯಾಪ್‌ಟಾಪಿನ ಮೂಲೆ ಎತ್ತಿದ ಮರಿತಾಯಮ್ಮ ಹಾಗೇ ನಿಂತರು.

“ಆ ವಾರ ನಂಗೆ ಜ್ವರ ಕನಪ್ಪ.”

“ಹೌದಲ್ವಾ ಅತ್ತೆ, ಪಾಪ,” ಎಂದ ಹರ್ಷ, ಮುಂದಿನ ವಾರಕ್ಕೆ ಸರಿಸುತ್ತ.

“ವಾಪಸ್ ತಿರುಗ್ಸು. ಆ ಐದು ದಿನ ಕಾವ್ಯಾ ಪಾಸ್ತಾ ಬೇಯಿಸಿದ್ಲು. ಶುಕ್ರವಾರ ನೀವು ಪಿಜ್ಜಾ ತರಿಸ್ತೀರಿ. ಬೆಳಿಗ್ಗೆ ಆರೂಮುಕ್ಕಾಲು ನಾನು ಚಟ್ನಿ ರುಬ್ಬೋದು. ಸಂಜೆ ಖಾರ ರುಬ್ಬೋದು. ಭಾನುವಾರ ಹನ್ನೊಂದಕ್ಕೆ ಬಾಡಿನ ಮಸಾಲೆ. ಇದು ಗಾಳಿದಲ್ಲಪ್ಪ. ಇದು ನನ್ ಮಿಕ್ಸಿದು.”

ಇಬ್ಬರೂ ಪರದೆಯನ್ನು ನೋಡಿದರು. ಆಮೇಲೆ ಮರಿತಾಯಮ್ಮನನ್ನು ನೋಡಿದರು. ನಾಲ್ಕು ತಿಂಗಳು ಒಬ್ಬ ಇಂಜಿನಿಯರು ನಿಮಿಷ ತಪ್ಪದಂತೆ ಅವರ ದಿನಚರಿಯನ್ನು ದಾಖಲಿಸಿದ್ದ. ಅದು ಯಾರದೆಂದು ಅವನಿಗೆ ಗೊತ್ತಿರಲಿಲ್ಲ.

ಪರೀಕ್ಷೆ ಅಲ್ಲೇ ನಡೆಯಿತು. ಮಿಕ್ಸಿ ಮಂಡ್ಯದಿಂದ ತಂದದ್ದು; ಇಲ್ಲಿನ ಕರೆಂಟಿಗೆ ಹೊಂದದ್ದರಿಂದ ಪಕ್ಕದಲ್ಲಿ ಕಲ್ಲಿನಷ್ಟು ಭಾರದ ಟ್ರಾನ್ಸ್‌ಫಾರ್ಮರ್. ಮರಿತಾಯಮ್ಮ ಖಾಲಿ ಜಾರನ್ನೇ ಒಮ್ಮೆ ತಿರುಗಿಸಿದರು.

“ಅಜ್ಜಿ, ಇಟ್ಸ್ ಗಾನ್,” ಎಂದಳು ಹಾಲಿನಿಂದ ಲಾಸ್ಯಾ. ನಿಲ್ಲಿಸಿದರು. ಹತ್ತು ಎಣಿಸುವಷ್ಟರಲ್ಲಿ, “ಇಟ್ಸ್ ಬ್ಯಾಕ್.”

ಮೋಟಾರಿನ ಒಳಗೆ ಸಣ್ಣ ಸಣ್ಣ ಕಿಡಿ ಹಾರುತ್ತವೆ, ಆಂಟೆನಾಕ್ಕೆ ಅದು ಬೆಟ್ಟದಾಚೆಯ ಟವರಿಗಿಂತ ಜೋರಾಗಿ ಕೇಳುತ್ತದೆ, ಆಂಪ್ಲಿಫೈಯರು ಅದನ್ನೇ ದೊಡ್ಡದು ಮಾಡುತ್ತಿತ್ತು ಎಂದು ಹರ್ಷ ವಿವರಿಸಿದ. ಇಲ್ಲಿನ ಬ್ಲೆಂಡರನ್ನೂ ತಿರುಗಿಸಿ ನೋಡಿದರು. ಅದೂ ಅದೇ ಜಾತಿ. ಜಯರಾಮರಿಗೆ ನಾಚಿಕೆಯಾಯಿತು. ಮಂಡ್ಯದಲ್ಲಿ ಮಿಕ್ಸಿ ಹಾಕಿದಾಗ ಟೀವಿಯ ಮೇಲೆ ಇರುವೆಸಾಲಿನಂತೆ ಗೆರೆ ಓಡುತ್ತಿದ್ದದ್ದು ಅವರಿಗೆ ಗೊತ್ತಿದ್ದದ್ದೇ. ಇಲ್ಲಿ ಗೆರೆಯಿಲ್ಲದ್ದರಿಂದ ಯಾರಿಗೂ ನೆನಪಾಗಲಿಲ್ಲ.

“ಸಿಂಪಲ್ ಅತ್ತೆ,” ಎಂದ ಹರ್ಷ ಖುಷಿಯಲ್ಲಿ. “ಒಂದು ಫಿಲ್ಟರ್ ಆರ್ಡರ್ ಮಾಡ್ತೀನಿ, ಬುಧವಾರ ಬರುತ್ತೆ. ಅಲ್ಲೀವರೆಗೂ ಮ್ಯಾಚಿನ ಟೈಮಲ್ಲಿ ಮಿಕ್ಸಿ ಹಾಕ್ಬೇಡಿ, ಅಷ್ಟೇ.”

“ನಾಳೆ ಅಮಾವಾಸೆ ಕನಪ್ಪ. ನಿಮ್ಮಪ್ಪನ ಎಡೆ.”

ಮಹಾಲಯ ಅಮಾವಾಸ್ಯೆಯ ಸಂಜೆ ದೀಪ ಹಚ್ಚಿ, ಸತ್ತ ಹಿರಿಯರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲುವುದು ಅವರ ಕಡೆಯ ಪದ್ಧತಿ. ಹರ್ಷನ ತಂದೆ ಹಾಸನದಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ಆ ಎಡೆಯ ಅಡುಗೆ ಸೊಸೆಯದು, ಸೊಸೆಗೆ ಬಾರದು. ಬೀಗರ ಹಿರಿಯರಿಗೆ ಹೆಣ್ಣು ಕೊಟ್ಟ ಅತ್ತೆ ಎಡೆ ಬೇಯಿಸುವ ಪದ್ಧತಿ ಹಾಸನದಲ್ಲೂ ಇಲ್ಲ, ಮಂಡ್ಯದಲ್ಲೂ ಇಲ್ಲ. ಸ್ಯಾನ್ ರಮೋನಿನಲ್ಲಿ ಮಾತ್ರ ಮೂರೇ ವರ್ಷದಲ್ಲಿ ಅದು ಪದ್ಧತಿಯಾಗಿತ್ತು.

“ಬೆಳಿಗ್ಗೇನೇ ಎಲ್ಲ ರುಬ್ಬಿಟ್ಕೊ ಅಮ್ಮ,” ಎಂದಳು ಕಾವ್ಯಾ. ಅವಳ ದನಿಯಲ್ಲಿ ಪ್ರೀತಿಯಿತ್ತು. ಇಂಥ ಎಲ್ಲ ಉಪಾಯಗಳಂತೆ ಇದರಲ್ಲೂ ಅಮ್ಮ ಇನ್ನೂ ಬೇಗ ಏಳಬೇಕಿತ್ತು.

ಮರಿತಾಯಮ್ಮ ಎದ್ದರು. ಐದು ಗಂಟೆಗೆ ಉದ್ದಿನ ವಡೆಯ ಹಿಟ್ಟು ರುಬ್ಬಿದರು, ಬಾಡಿನ ಸಾರಿಗೆ ಹುರಿದ ಮಸಾಲೆ ರುಬ್ಬಿದರು, ಕಾಯಿ ರುಬ್ಬಿದರು. “ಭಾನುವಾರಾನೂ ಏನಮ್ಮ ಈ ಸೌಂಡು,” ಎಂದು ಕಾವ್ಯಾ ನಿದ್ದೆಗಣ್ಣಲ್ಲಿ ಮೆಟ್ಟಿಲ ತುದಿಯಿಂದ ಕೂಗಿ, ಮರುಕ್ಷಣ ನೆನಪಾಗಿ, “ಸಾರಿ ಸಾರಿ” ಎಂದು ಒಳಗೆ ಹೋದಳು. ಸಂಜೆ ಆರರ ಹೊತ್ತಿಗೆ ಬಾಡಿನ ಸಾರು, ವಡೆ, ಕಜ್ಜಾಯ, ಪಲ್ಯ, ಅನ್ನ ಎಲ್ಲ ಒಲೆಯಿಂದ ಇಳಿದಿದ್ದವು. ಮರಿತಾಯಮ್ಮ ಸ್ನಾನ ಮಾಡಿ, ನೇರಳೆ ಅಂಚಿನ ಸೀರೆ ಉಟ್ಟು, ಆರೂಮುಕ್ಕಾಲಿಗೆ ಸೋಫಾದ ನಡುಮಧ್ಯೆ ಕೂತರು. ಮಡಿಲಲ್ಲಿ ಬಟ್ಟೆಯ ಬುಟ್ಟಿಯಿರಲಿಲ್ಲ. ಲಾಸ್ಯಾ ಅಜ್ಜಿಯ ಪಕ್ಕ ಕಾಲು ಮಡಿಚಿ ಕೂತಳು. ಏಳಕ್ಕೆ ಮುಂಚೆ ಹರ್ಷ ಎಡೆ ಇಡುವುದು, ಬಾಗಿಲು ಮುಂದೆ ಮಾಡುವುದು, ಏಳಕ್ಕೆ ಆಟ ಎಂದು ಗೊತ್ತಾಗಿತ್ತು.

ಆಗ ಹಾಸನದಿಂದ ಫೋನು ಬಂತು. ಅಲ್ಲಿ ಸೋಮವಾರದ ಬೆಳಿಗ್ಗೆ. ಹರ್ಷನ ತಾಯಿ ವೀಡಿಯೋದಲ್ಲಿ ಎಡೆಯ ಎಲೆಯನ್ನು ಪರೀಕ್ಷಿಸಿದರು.

“ಹಸಿರು ಮಸಾಲೆ ಕೋಳಿ ಎಲ್ಲಪ್ಪ?”

“ಈ ಸಲ ಮಟನ್ ಮಾಡಿದಾರಮ್ಮ.”

“ನಿಮ್ಮಪ್ಪ ಜೀವ ಹೋಗೋ ಹಿಂದಿನ ದಿನಾನೂ ಅದನ್ನೇ ಕೇಳಿದ್ರು. ಅದಿಲ್ದೆ ಎಡೆ ಎಂಥದ್ದು? ಕೊತ್ತಂಬರಿ ಪುದೀನ ಆಗಿಂದಾಗ್ಲೇ ರುಬ್ಬಿ ಹಾಕ್ಸು. ಮುಂಚೇನೇ ರುಬ್ಬಿಟ್ರೆ ಕಪ್ಪಾಗುತ್ತೆ.”

ಹರ್ಷ ಫೋನು ಇಟ್ಟು ಅಡುಗೆಮನೆಯಲ್ಲಿ ಕಾವ್ಯಾಳಿಗೆ ಹೇಳಿದ. ಕಾವ್ಯಾ ಹಾಲಿಗೆ ಬಂದು ತಾಯಿಗೆ ಹೇಳಿದಳು.

“ಅಮ್ಮ, ಒಂದೇ ಒಂದು ಮಸಾಲೆ. ಐದು ನಿಮಿಷ. ಹರ್ಷನ ಮುಖ ನೋಡಕ್ಕಾಗ್ತಿಲ್ಲ.”

ಮರಿತಾಯಮ್ಮನಿಗೆ ಹರ್ಷನ ಮೇಲೆ ಕನಿಕರವಿತ್ತು. ಅಪ್ಪ ಹೋದಾಗ ವಿಮಾನ ಸಿಕ್ಕಿ ಅವನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆದರೆ ಐದು ನಿಮಿಷ ಎಂದರೇನು ಎಂಬುದೂ ಅವರಿಗೆ ಗೊತ್ತಿತ್ತು. ಸೊಪ್ಪು ಬಿಡಿಸಿ ತೊಳೆಯಬೇಕು, ಬೆಳ್ಳುಳ್ಳಿ ಶುಂಠಿ ಸುಲಿಯಬೇಕು, ಫ್ರಿಜ್ಜಿನ ಕೋಳಿ ಕತ್ತರಿಸಬೇಕು, ರುಬ್ಬಬೇಕು, ಹುರಿಯಬೇಕು, ಬೇಯಿಸಬೇಕು. ಅಷ್ಟರಲ್ಲಿ ಆಟದ ಅರ್ಧ ಮುಗಿದಿರುತ್ತದೆ.

“ಐದ್ ನಿಮಿಷ ಆದ್ರೆ ನೀವೇ ಮಾಡ್ರವ್ವ,” ಎಂದರು.

“ನಂಗೆಲ್ಲಿ ಬರುತ್ತಮ್ಮ?”

“ಇಲ್ಲೇ ಕೂತ್ಕಂಡು ಯೋಳ್ತೀನಿ. ಒಂದು ಕಟ್ಟು ಕೊತ್ತಂಬರಿ, ಅರ್ಧ ಕಟ್ಟು ಪುದೀನ, ಎಂಟು ಹಸಿಮೆಣಸಿನಕಾಯಿ. ಮಿಕ್ಸಿ ಮಾತ್ರ ಮುಟ್ಬ್ಯಾಡಿ. ಒರಳದಲ್ಲ, ಅದ್ರಲ್ಲಿ ಕುಟ್ಕಳಿ.”

ಒರಳು ಎಂದರೆ ಬಾಗಿಲ ಬಳಿ ಕಾರಿನ ಬೀಗದಕೈ ಹಾಕಿಡಲು ಬಳಸುತ್ತಿದ್ದ ಪುಟ್ಟ ಕರಿಕಲ್ಲು. ಹರ್ಷ ಅದನ್ನು ತೊಳೆದು ತಂದ.

ಜಯರಾಮರಿಗೆ ಸಿಟ್ಟು ಬಂತು. “ಇದೇನಮ್ಮಿ ನಿಂದು? ಹೊತ್ತು ಮೀರಿ ಎಡೆ ಇಟ್ರೆ ಹಿರೀಕ್ರು ವಾಪಸ್ ಹೋಯ್ತಾರೆ.”

“ಹಾಸನದಿಂದ ಇಲ್ಲಿಗಂಟ ಬಂದೋರು ಇನ್ನೊಂದ್ ಗಂಟೆ ಕಾಯಲ್ವಾ? ಕಾಯ್ತಾರೆ ಬುಡಿ. ನೀವೂ ಹೋಗಿ ಕೈ ಹಾಕಿ, ಬ್ಯಾಗ ಆಯ್ತದೆ.”

ಏಳಕ್ಕೆ ಚೆಂಡು ಮೇಲೆ ಹಾರಿತು. ಚಿತ್ರ ಕನ್ನಡಿಯಂತಿತ್ತು. ಒಳಗಿನಿಂದ ಕುಟ್ಟುವ ಸದ್ದು ಕೇಳಿಬರುತ್ತಿತ್ತು, ಮೊದಲು ಜೋರಾಗಿ, ಆಮೇಲೆ ಬಿಟ್ಟು ಬಿಟ್ಟು. ಮರಿತಾಯಮ್ಮ ಮೊದಲ ಕಾಲುಭಾಗ ಪೂರ್ತಿ ನೋಡಿದರು. ಎರಡನೆಯದನ್ನೂ ನೋಡಿದರು. ಎದುರಾಳಿಗಳ ಉದ್ದ ಜಡೆಯ ಹುಡುಗಿ ಎಡಗೈಯವಳೆಂದೂ ಅದಕ್ಕೇ ತಮ್ಮವರು ತಪ್ಪು ಪಕ್ಕದಲ್ಲಿ ಅಡ್ಡ ನಿಲ್ಲುತ್ತಿದ್ದಾರೆಂದೂ ಕಂಡುಹಿಡಿದು ಲಾಸ್ಯಾಳಿಗೆ ಹೇಳಿದರು. ಹೀಗೆ ಒಂದೇ ಸಮ ನೋಡಿದಾಗ ಮಾತ್ರ ಕಾಣುವ ಸಂಗತಿ ಅದು.

ಹರ್ಷ ಒರಳು ಎತ್ತಿಕೊಂಡು ಬಂದ. ಅವನ ಅಂಗಿಯ ತುಂಬ ಹಸಿರು ಚುಕ್ಕೆ. “ಅತ್ತೆ, ಇಷ್ಟು ನುಣ್ಣಗೆ ಸಾಕಾ?”

“ಪಕ್ಕಕ್ಕೆ ಬಾಪ್ಪ, ಕಾಣಲ್ಲ... ನಾರು ಹಂಗೇ ಅದೆ. ಇನ್ನೂ ಕುಟ್ಟು.”

“ಕೈ ನೋಯ್ತಿದೆ ಅತ್ತೆ.”

“ನೋಯ್ತದೆ,” ಎಂದರು ಮರಿತಾಯಮ್ಮ, ಸಮಾಧಾನದ ದನಿಯಲ್ಲಿ. “ನಿಮ್ಮ ಮಾವಂಗೆ ಕೊಡು.”

ನಾಲ್ಕನೆಯ ಕಾಲುಭಾಗ ಮುಗಿಯುತ್ತ ಬಂದಾಗ ತಮ್ಮವರು ಎರಡೇ ಅಂಕ ಹಿಂದೆ. ಮರಿತಾಯಮ್ಮ ಸೋಫಾದ ತುದಿಗೆ ಬಂದಿದ್ದರು. ಒಂದು ನಿಮಿಷ ಉಳಿದಿತ್ತು. ತಮ್ಮ ಕಡೆಯ ಕುಳ್ಳಿ ಹುಡುಗಿ ಇಬ್ಬರ ನಡುವೆ ನುಸುಳಿ ದೂರದಿಂದ ಚೆಂಡು ಎಸೆದಳು. ಚೆಂಡು ಗಾಳಿಯಲ್ಲಿತ್ತು. ಅಡುಗೆಮನೆಯಲ್ಲಿ ಮಿಕ್ಸಿ ಗರ್ರೆಂದಿತು. ಚೆಂಡು ಗಾಳಿಯಲ್ಲೇ ಚೌಕವಾಗಿ ನಿಂತಿತು.

ಮರಿತಾಯಮ್ಮ ಎದ್ದರು. ಅಡುಗೆಮನೆಯಲ್ಲಿ ಜಯರಾಮರು ಮಿಕ್ಸಿಯ ಮುಚ್ಚಳ ಒತ್ತಿ ಹಿಡಿದು, “ಒಂದೇ ಸುತ್ತು, ಒಂದೇ ಸುತ್ತು ಕನೆ” ಎನ್ನುತ್ತಿದ್ದರು. ಕಾವ್ಯಾ ಸಿಂಕಿನ ಬಳಿ ಕೋಳಿ ತೊಳೆಯುತ್ತ, “ಅಪ್ಪಾಜಿ, ಬೇಡ ಅಂದ್ನಲ್ಲ” ಎಂದಳು. ಮರಿತಾಯಮ್ಮ ಗುಂಡಿ ತಿರುಗಿಸಿ ಮಿಕ್ಸಿ ನಿಲ್ಲಿಸಿದರು, ಗಂಡನ ಕೈಯಿಂದ ಮುಚ್ಚಳ ತೆಗೆದುಕೊಂಡರು, ಮಸಾಲೆಯ ಸಮೇತ ಜಾರನ್ನು ಕಿತ್ತುಕೊಂಡರು, ಎರಡನ್ನೂ ಹಿಡಿದು ಸೋಫಾಕ್ಕೆ ಬಂದು ಮಡಿಲಲ್ಲಿಟ್ಟುಕೊಂಡು ಕೂತರು.

ಹತ್ತು ಎಣಿಸಿದ ಮೇಲೆ ಚಿತ್ರ ಬಂತು. ಚೆಂಡು ಆಗಲೇ ಇನ್ನೊಂದು ತುದಿಯಲ್ಲಿತ್ತು.

“ಬಿತ್ತಾ?” ಎಂದು ಕೇಳಿದರು.

“ಬಿತ್ತು ಅಜ್ಜಿ. ತ್ರೀ ಪಾಯಿಂಟ್ಸ್,” ಎಂದಳು ಲಾಸ್ಯಾ ಅಂಕಪಟ್ಟಿ ತೋರಿಸುತ್ತ. “ವಿ ಆರ್ ಅಪ್ ಬೈ ಒನ್.”

ಉಳಿದ ನಲವತ್ತು ಸೆಕೆಂಡಿನಲ್ಲಿ ಉದ್ದ ಜಡೆಯ ಹುಡುಗಿ ಎಡಗೈಯಿಂದ ಎರಡು ಅಂಕದ್ದೊಂದು ಹಾಕಿದಳು. ತಮ್ಮವರ ಕೊನೆಯ ಎಸೆತ ಬುಟ್ಟಿಯ ಬಳೆಯ ಅಂಚಿಗೆ ತಾಗಿ ಹೊರಗೆ ಹೋಯಿತು. ಒಂದು ಅಂಕದಲ್ಲಿ ಸೋತರು. ಲಾಸ್ಯಾ ದಿಂಬಿನಲ್ಲಿ ಮುಖ ಹುದುಗಿಸಿದಳು. ಮರಿತಾಯಮ್ಮ ಒಂದು ಕೈಯಲ್ಲಿ ಜಾರು ಹಿಡಿದು ಇನ್ನೊಂದು ಕೈಯಲ್ಲಿ ಅವಳ ಬೆನ್ನು ಸವರಿದರು. ಕಣ್ಣು ಟೀವಿಯಿಂದ ತೆಗೆಯಲಿಲ್ಲ.

ಜಯರಾಮರು ಬಾಗಿಲಲ್ಲಿ ಬಂದು ನಿಂತರು. ಕೈ ಒರೆಸಿಕೊಳ್ಳುತ್ತ, ತಗ್ಗಿದ ದನಿಯಲ್ಲಿ, “ಮುಗೀತಲ್ಲ. ಜಾರು ಕೊಡಮ್ಮಿ,” ಎಂದರು.

“ಇರಿ. ಇನ್ನೂ ಮಾತಾಡ್ತಾವ್ರೆ.”

ಪರದೆಯ ಮೇಲೆ ಕುಳ್ಳಿ ಹುಡುಗಿ ಕತ್ತಿಗೆ ಟವೆಲ್ಲು ಸುತ್ತಿಕೊಂಡು ಮೈಕಿಗೆ ಏನೋ ಹೇಳುತ್ತಿದ್ದಳು. ಕಣ್ಣು ಕೆಂಪಾಗಿತ್ತು.

“ಏನಂತಾಳೆ?”

ಲಾಸ್ಯಾ ದಿಂಬಿನಿಂದ ತಲೆಯೆತ್ತಿ ಕನ್ನಡ ಹುಡುಕಿದಳು. “ಅವಳಿಗೆ... ಕಾಲು ನೋವು ಇತ್ತಂತೆ. ಬಟ್ ಅವಳು ಸಿಟ್ ಮಾಡಲ್ಲ ಅಂದ್ಲಂತೆ. ಪೂರ್ತಿ ಆಡ್ತೀನಿ ಅಂದ್ಲಂತೆ.”

“ಸರಿಯಾಗೇ ಅಂದವ್ಳೆ.”

ಅಡುಗೆಮನೆಯಲ್ಲಿ ಹರ್ಷ ಬಾಣಲೆ ಒಲೆಯ ಮೇಲಿಟ್ಟಿದ್ದ. ಎಣ್ಣೆ ಎಷ್ಟು ಹಾಕಬೇಕೆಂದು ಕಾವ್ಯಾಳನ್ನು ಕೇಳಿದ. ತನಗೂ ಗೊತ್ತಿಲ್ಲ ಎಂದಳು ಕಾವ್ಯಾ. ಇಬ್ಬರೂ ಸ್ವಲ್ಪ ಹೊತ್ತು ಹಾಲಿನ ಕಡೆ ಕಿವಿಗೊಟ್ಟು ನಿಂತರು. ಮರಿತಾಯಮ್ಮನಿಗೆ ಗೊತ್ತಿತ್ತು. ಅವರು ರಿಮೋಟು ಎತ್ತಿ ಟೀವಿಯ ಸದ್ದನ್ನು ಸ್ವಲ್ಪ ಏರಿಸಿದರು.